ಜರ್ಮಿನಲ್ ಸೆಂಟರ್

ಸೋಂಕು ತಗುಲಿದಾಗ ಅಥವಾ ಲಸಿಕೆ ಪಡೆದಾಗ ದುಗ್ಧಗ್ರಂಥಿ, ಗುಲ್ಮ, ಟಾನ್ಸಿಲ್ ಮೊದಲಾದ ಅಂಗಗಳಲ್ಲಿ ತಾತ್ಕಾಲಿಕವಾಗಿ ರೂಪುಗೊಳ್ಳುವ, ಬಿ ಕೋಶಗಳೆಂಬ ಬಿಳಿ ರಕ್ತಕಣಗಳ ಗುಂಪು. ಪ್ರತಿಜನಕಕ್ಕೆ (ದೇಹ ಪರಕೀಯವೆಂದು ಗುರುತಿಸುವ ಅಂಶಕ್ಕೆ) ಬಿಗಿಯಾಗಿ ಅಂಟುವ ಪ್ರತಿಕಾಯಗಳೂ ದೀರ್ಘಕಾಲ ಉಳಿಯುವ ರೋಗನಿರೋಧಕ ಸ್ಮೃತಿಯೂ ಮುಖ್ಯವಾಗಿ ಇಲ್ಲಿ ಸಿದ್ಧವಾಗುತ್ತವೆ. ಜರ್ಮಿನಲ್ ಸೆಂಟರ್‌ಗಳನ್ನು ಮೊದಲು ವಿವರಿಸಿದವರು ಜರ್ಮನಿಯ ಜೀವವಿಜ್ಞಾನಿ ವಾಲ್ಟರ್ ಫ್ಲೆಮಿಂಗ್. ಕಾಲ 19ನೆಯ ಶತಮಾನದ ಕೊನೆ.

ಪ್ರತಿಜನಕ ದೇಹ ಸೇರಿದ ಸುಮಾರು ಒಂದು ವಾರದಲ್ಲಿ ಜರ್ಮಿನಲ್ ಸೆಂಟರ್ ಮೂಡುತ್ತದೆ. ಇದರಲ್ಲಿ ಎರಡು ವಲಯಗಳಿವೆ. ಗಾಢ ವಲಯದಲ್ಲಿ ಬಿ ಕೋಶಗಳು ವೇಗವಾಗಿ ವಿಭಜನೆಯಾಗುತ್ತವೆ. ಆಗ ಎಐಡಿ ಎಂಬ ಕಿಣ್ವ ಅವುಗಳ ಪ್ರತಿಕಾಯ ಜೀನುಗಳಲ್ಲಿ ಸಣ್ಣ ಬದಲಾವಣೆಗಳನ್ನು ಉಂಟುಮಾಡುತ್ತದೆ. ಜಪಾನಿನ ತಸುಕು ಹೊಂಜೊ ಅವರ ತಂಡ ಈ ಕಿಣ್ವವನ್ನು 1999ರಲ್ಲಿ ವರದಿ ಮಾಡಿತು. ಈ ಬದಲಾವಣೆಗಳಲ್ಲಿ ಕೆಲವಷ್ಟೇ ಉಪಯುಕ್ತ. ಆದ್ದರಿಂದ ಆಯ್ಕೆ ಅಗತ್ಯ. ಅದು ನಡೆಯುವುದು ತಿಳಿ ವಲಯದಲ್ಲಿ.

ತಿಳಿ ವಲಯದ ಫಾಲಿಕ್ಯುಲರ್ ಡೆಂಡ್ರಿಟಿಕ್ ಕೋಶಗಳು ಪ್ರತಿಜನಕವನ್ನು ತಮ್ಮ ಮೇಲ್ಮೈಯಲ್ಲಿ ಹಿಡಿದಿಟ್ಟಿರುತ್ತವೆ. ಬಿ ಕೋಶ ಅದನ್ನು ಕಿತ್ತು ಒಳಗೆಳೆದು, ಚೂರುಮಾಡಿ, ಸಹಾಯಕ ಟಿ ಕೋಶಕ್ಕೆ ತೋರಿಸುತ್ತದೆ. ಟಿ ಕೋಶ ಆ ಚೂರನ್ನು ಗುರುತಿಸಿದರೆ ಅದರ ಸಿಡಿ40 ಲೈಗಾಂಡ್ ಬಿ ಕೋಶದ ಸಿಡಿ40 ಗ್ರಾಹಕಕ್ಕೆ ತಗುಲುತ್ತದೆ. ಇಂಟರ್‌ಲ್ಯೂಕಿನ್-21, ಇಂಟರ್‌ಲ್ಯೂಕಿನ್-4 ಸಂಕೇತಗಳು ಸಂಪರ್ಕದ ಕಿರುಜಾಗಕ್ಕೆ ಸ್ರವಿಸುತ್ತವೆ. ಈ ನೆರವು ಟಿ ಕೋಶವನ್ನು ಮುಟ್ಟಿದ ಬಿ ಕೋಶಕ್ಕಷ್ಟೇ ದಕ್ಕುತ್ತದೆ. ಟಿ ಕೋಶಗಳು ಕಡಿಮೆ ಇರುವುದರಿಂದ ಪೈಪೋಟಿ ಏರ್ಪಟ್ಟು, ಹೆಚ್ಚು ಪ್ರತಿಜನಕ ತಂದ ಬಿ ಕೋಶ ಹೆಚ್ಚು ನೆರವು ಪಡೆದು ಗಾಢ ವಲಯಕ್ಕೆ ಮರಳಿ ಹೆಚ್ಚು ಬಾರಿ ವಿಭಜನೆಯಾಗುತ್ತದೆ. ನೆರವು ಸಿಗದವು ಸಾಯುತ್ತವೆ.

ಆಯ್ಕೆಯಾದವುಗಳಲ್ಲಿ ಕೆಲವು ಸ್ಮೃತಿ ಬಿ ಕೋಶಗಳಾಗುತ್ತವೆ. ಕೆಲವು ಪ್ಲಾಸ್ಮಾ ಕೋಶಗಳಾಗಿ ಮೂಳೆಮಜ್ಜೆಯಲ್ಲಿ ನೆಲೆಸಿ ವರ್ಷಗಟ್ಟಲೆ ಪ್ರತಿಕಾಯ ಸ್ರವಿಸುತ್ತವೆ. 1918ರ ಇನ್‌ಫ್ಲುಯೆಂಜಾ ಪಿಡುಗಿನ ಕಾಲದಲ್ಲಿ ಬದುಕಿದ್ದವರ ರಕ್ತದಲ್ಲಿ ಆ ವೈರಸ್ಸನ್ನು ಗುರುತಿಸುವ ಬಿ ಕೋಶಗಳು ಸುಮಾರು 90 ವರ್ಷಗಳ ಬಳಿಕವೂ ಇದ್ದುದನ್ನು 2008ರ ಅಧ್ಯಯನವೊಂದು ತೋರಿಸಿತು.

ಎಕ್ಸ್ ವರ್ಣತಂತುವಿನಲ್ಲಿರುವ ಸಿಡಿ40 ಲೈಗಾಂಡ್ ಜೀನು ಕೆಟ್ಟರೆ ಜರ್ಮಿನಲ್ ಸೆಂಟರ್ ರೂಪುಗೊಳ್ಳುವುದಿಲ್ಲ. ಮುಖ್ಯವಾಗಿ ಗಂಡುಮಕ್ಕಳಿಗೆ ಬರುವ ಈ ಕಾಯಿಲೆಯಲ್ಲಿ ಸೋಂಕುಗಳು ಮರುಕಳಿಸುತ್ತವೆ. ಟಿ ಕೋಶದ ನೆರವು ಲಸಿಕೆಗಳಲ್ಲೂ ಮುಖ್ಯ: ಬ್ಯಾಕ್ಟೀರಿಯಾದ ಸಕ್ಕರೆ ಹೊದಿಕೆಯೊಂದನ್ನೇ ಲಸಿಕೆಯಾಗಿ ಕೊಟ್ಟರೆ ಟಿ ಕೋಶದ ನೆರವು ಸಿಗದೆ ಶಿಶುಗಳಲ್ಲಿ ಸ್ಮೃತಿ ಸರಿಯಾಗಿ ಮೂಡದು. ಅದಕ್ಕಾಗಿ ಹಿಬ್, ನ್ಯುಮೊಕಾಕಸ್ ಬ್ಯಾಕ್ಟೀರಿಯಾಗಳ ವಿರುದ್ಧ ಶಿಶುಗಳಿಗೆ ಕೊಡುವ ಲಸಿಕೆಗಳಲ್ಲಿ ಸಕ್ಕರೆಗೆ ಪ್ರೋಟೀನು ಜೋಡಿಸಲಾಗುತ್ತದೆ. ಭಾರತದ ಮಕ್ಕಳಿಗೆ ಹಾಕುವ ಪೆಂಟಾವೇಲೆಂಟ್ ಲಸಿಕೆಯ ಹಿಬ್ ಅಂಶ ಇಂಥದು. ಇನ್ನೊಂದೆಡೆ, ವೇಗದ ವಿಭಜನೆ ಮತ್ತು ಜೀನು ಬದಲಾವಣೆಗಳು ಒಟ್ಟಿಗೇ ನಡೆಯುವ ಕಾರಣ ಹಲವು ಬಗೆಯ ಲಿಂಫೋಮಾ ಕ್ಯಾನ್ಸರುಗಳಿಗೂ ಜರ್ಮಿನಲ್ ಸೆಂಟರೇ ಮೂಲಸ್ಥಾನ.