ದಣಿವು ನಿಲ್ಲಿಸುವ ಮಾತು

ಜಪಾನಿನ ಕ್ಯೂಶೂ ದ್ವೀಪದ ದಕ್ಷಿಣ ತುದಿಯಲ್ಲಿರುವ ಕಾಗೋಶಿಮಾದಲ್ಲಿ ಹೊತ್ತು ಮುಳುಗಿದ ಮೇಲೆ ಕೇಳಿಬರುವ ಮಾತೊಂದಿದೆ: ದರೆಯಮೆ. ಕೆಲವರ ಬಾಯಲ್ಲಿ ಅದೇ ದೈಯಮೆ. ದರೆ ಅಂದರೆ ದಣಿವು, ಯಮೆ ಅಂದರೆ ನಿಲ್ಲಿಸುವುದು. ಕೆಲಸ ಮುಗಿಸಿ ಬಂದು ಗೆಣಸಿನ ಶೋಚೂ ಎಂಬ ಭಟ್ಟಿ ಮದ್ಯ ಕುಡಿಯುವುದಕ್ಕೆ ಅಲ್ಲಿಯವರು ಇಟ್ಟ ಹೆಸರಿದು. ನಾವು ದಣಿವಾರಿಸಿಕೊಳ್ಳುವುದು ಅನ್ನುತ್ತೇವಲ್ಲ, ಹಾಗೆ. ಅಮಲು, ರುಚಿ ಯಾವುದರ ಸುಳಿವೂ ಇಲ್ಲದೆ, ದುಡಿದ ಮೈಯನ್ನಷ್ಟೇ ನೆನೆಯುವ ಈ ಹೆಸರು ನನಗೆ ಬಹಳ ಹಿಡಿಸಿದೆ.

ಶೋಚೂ ಎಂಬ ಪದದ ಹಳೆಯ ದಾಖಲೆಯೂ ದುಡಿಯುವವರದ್ದೇ. ಅಲ್ಲಿನ ಕೋರಿಯಾಮಾ ಹಚಿಮಾನ್ ಗುಡಿಯ ಕೆಲಸಕ್ಕೆ ಬಂದ ಬಡಗಿಗಳು 1559ರಲ್ಲಿ ಹಲಗೆಯೊಂದರ ಮೇಲೆ ಬರೆದಿಟ್ಟು ಹೋದರು: ಈ ಗುಡಿಯ ಯಜಮಾನ ಮಹಾ ಜುಗ್ಗ, ಒಮ್ಮೆಯೂ ಶೋಚೂ ಕುಡಿಸಲಿಲ್ಲ! ಆ ಹಲಗೆ ಸಿಕ್ಕಿದ್ದು 20ನೇ ಶತಮಾನದಲ್ಲಿ, ಗುಡಿಯ ದುರಸ್ತಿಯ ವೇಳೆ. ಕೂಲಿಯ ಜೊತೆಗೆ ದಣಿವಾರಿಸುವ ಗುಟುಕೂ ಸಲ್ಲಬೇಕು ಎಂಬ ಅವರ ನಿರೀಕ್ಷೆ ನ್ಯಾಯವಾದದ್ದೇ.

ಆಗಿನ್ನೂ ಗೆಣಸು ಬಂದಿರಲಿಲ್ಲ. 1705ರ ಸುಮಾರಿಗೆ ಮಾಯೆದಾ ರಿಯೆಮೊನ್ ಎಂಬ ನಾವಿಕ ರ‍್ಯೂಕ್ಯೂ ದ್ವೀಪಗಳಿಂದ ಅದನ್ನು ತಂದನೆನ್ನುತ್ತಾರೆ. ಕಾಗೋಶಿಮಾದ ನೆಲ ಜ್ವಾಲಾಮುಖಿಯ ಬೂದಿ; ನೀರು ನಿಲ್ಲದು, ಭತ್ತಕ್ಕೆ ಒಗ್ಗದು. ಮೇಲೆ ಚಂಡಮಾರುತಗಳ ಕಾಟ. ಮಣ್ಣಿನೊಳಗೆ ಬೆಳೆಯುವ ಗೆಣಸು ಮಾತ್ರ ಉಳಿದುಕೊಂಡಿತು. ಉಂಡು ಮಿಕ್ಕಿದ್ದನ್ನು ರೈತರು ಮನೆಯಲ್ಲೇ ಭಟ್ಟಿ ಇಳಿಸತೊಡಗಿದರು. 1899ರಲ್ಲಿ ಸರ್ಕಾರ ಮನೆಭಟ್ಟಿಯನ್ನು ನಿಷೇಧಿಸಿತು. ಭಟ್ಟಿ ಕಾರ್ಖಾನೆಗೆ ಹೋಯಿತು, ದರೆಯಮೆ ಮನೆಯಲ್ಲೇ ಉಳಿಯಿತು.

ಕಾರ್ಖಾನೆಯಲ್ಲೂ ಕೈಕೆಲಸ ತಪ್ಪಿಲ್ಲ. ಗೆಣಸಿನ ಎರಡೂ ತುದಿಗಳನ್ನು, ಕೆಟ್ಟ ಭಾಗಗಳನ್ನು ಚಾಕುವಿನಿಂದ ಕೆತ್ತಿ ತೆಗೆಯುತ್ತಾರೆ. ಬಿಟ್ಟರೆ ಕಹಿ ಇಳಿಯುತ್ತದೆ. ಅಕ್ಕಿಗೆ ಕೋಜಿ ಬೂಷ್ಟು ಹಿಡಿಸಿ, ನೀರು, ಯೀಸ್ಟ್ ಬೆರೆಸಿ ಹುದುಗು ಬರಿಸುತ್ತಾರೆ. ಅದಕ್ಕೆ ಹಬೆಯಲ್ಲಿ ಬೆಂದ ಗೆಣಸು ಸೇರಿಸಿ ಮತ್ತೆ ಹುಳಿಯಿಸಿ, ಒಂದೇ ಸಲ ಭಟ್ಟಿ ಇಳಿಸುತ್ತಾರೆ. ಗೆಣಸಿನ ಘಮ ಉಳಿಯುವುದು ಇದರಿಂದಲೇ.

ಕುಡಿಯುವುದಕ್ಕೂ ಒಂದು ಕ್ರಮವಿದೆ. ಲೋಟಕ್ಕೆ ಮೊದಲು ಬಿಸಿನೀರು, ಆಮೇಲೆ ಶೋಚೂ. ತಣ್ಣಗಿನದು ತಾನಾಗಿ ಕೆಳಗಿಳಿದು ಬೆರೆಯುತ್ತದೆ, ಕಲಕುವ ಗೋಜಿಲ್ಲ. ಹಳಬರ ಮನೆಗಳಲ್ಲಿ ಕುರೊಜೊಕಾ ಎಂಬ ಚಪ್ಪಟೆ ಹೊಟ್ಟೆಯ ಕಪ್ಪು ಮಣ್ಣಿನ ಗಿಂಡಿ ಇರುತ್ತದೆ. ಮೊದಲೇ ನೀರು ಬೆರೆಸಿಟ್ಟ ಶೋಚೂವನ್ನು ಅದರಲ್ಲಿ ಸಣ್ಣ ಉರಿಗೆ ಬೆಚ್ಚಗೆ ಮಾಡುತ್ತಾರೆ. ಈ ನಿಧಾನವೂ ದರೆಯಮೆಯ ಭಾಗವೇ ಎಂದು ನನ್ನ ನಂಬಿಕೆ.

ಈಗ ದೈಯಮೆ ಎಂಬ ಹೆಸರಿನ ಶೋಚೂವೇ ಶೀಶೆಗಳಲ್ಲಿ ಪರದೇಶಕ್ಕೂ ಹೋಗುತ್ತಿದೆ. ಅದು ಸಂತೋಷವೇ. ಆದರೆ ಹೊಲದ ಸುದ್ದಿ ಚೆನ್ನಾಗಿಲ್ಲ. 2018ರಲ್ಲಿ ಕಾಣಿಸಿಕೊಂಡ ಬುಡಕೊಳೆ ರೋಗ ಬಳ್ಳಿಯ ಬುಡವನ್ನು ಕಪ್ಪಾಗಿಸಿ ಗೆಡ್ಡೆಗೂ ಇಳಿಯುತ್ತದೆ. ಶೋಚೂವಿಗೆ ಹೆಚ್ಚಾಗಿ ಬಳಸುವ ಕೊಗಾನೆಸೆಂಗನ್ ತಳಿಗೆ ಅದನ್ನು ತಡೆಯುವ ಶಕ್ತಿ ಕಡಿಮೆ. ರೈತರು ರೋಗ ಹತ್ತಿದ ಬಳ್ಳಿ ಕಿತ್ತು, ಬಸಿಗಾಲುವೆ ತೋಡಿ, ರೋಗ ತಾಳುವ ಹೊಸ ತಳಿಗಳನ್ನು ನೆಡುತ್ತಿದ್ದಾರೆ.