ಬಡ್ಡಿಯ ಲೆಕ್ಕ ಬರೆಯುವ ಕೈ

ಮಗ ಬ್ಯಾಂಕ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ನೇಮಕಾತಿ ಪತ್ರ ಕೈಗೆ ಬಂದ ದಿನ, ನಮ್ಮ ಅನೇಕ ಮನೆಗಳಲ್ಲಿ ಸಂತೋಷದ ಬೆನ್ನಿಗೇ ಒಂದು ಪ್ರಶ್ನೆಯೂ ಬರುತ್ತದೆ: ಈ ಸಂಬಳ ಹಲಾಲ್ ಆಗುವುದೇ? ಪ್ರಶ್ನೆಯ ಮೂಲ ಜಾಬಿರ್(ರ) ವರದಿ ಮಾಡಿದ, ಸಹೀಹ್ ಮುಸ್ಲಿಮ್‌ನಲ್ಲಿರುವ ಹದೀಸ್. ಬಡ್ಡಿ ತಿನ್ನುವವನು, ತಿನ್ನಿಸುವವನು, ಅದನ್ನು ಬರೆಯುವವನು, ಅದಕ್ಕೆ ಸಾಕ್ಷಿಗಳಾದ ಇಬ್ಬರು ಇವರೆಲ್ಲರನ್ನೂ ಪ್ರವಾದಿವರ್ಯರು(ಸ) ಶಪಿಸಿದರು, ಅವರೆಲ್ಲ ಸಮಾನರೆಂದರು.

ಹಾಗಾದರೆ ಲೆಕ್ಕ ಬರೆಯುವ ವೃತ್ತಿಯೇ ನಿಂದ್ಯವೇ? ಅಲ್ಲ. ಅಲ್ ಬಕರ ಅಧ್ಯಾಯದ 275ನೇ ಸೂಕ್ತದಿಂದ ಬಡ್ಡಿಯ ನಿಷೇಧ ಆರಂಭವಾಗುತ್ತದೆ. 279ರಲ್ಲಿ ಬಡ್ಡಿ ಬಿಡದವರ ವಿರುದ್ಧ ಅಲ್ಲಾಹ್ ಮತ್ತು ಅವನ ಸಂದೇಶವಾಹಕರ ಯುದ್ಧಘೋಷಣೆಯಿದೆ. ಅದಾಗಿ ಮೂರೇ ಸೂಕ್ತಗಳ ಬಳಿಕ ಕುರ್‌ಆನ್‌ನ ಅತಿ ದೀರ್ಘ ಸೂಕ್ತ ಬರುತ್ತದೆ: ಅವಧಿಯ ಸಾಲವನ್ನು ಬರೆದಿಡಬೇಕು, ಬರಹಗಾರನು ನ್ಯಾಯವಾಗಿ ಬರೆಯಬೇಕು, ಬರೆಯಲು ನಿರಾಕರಿಸಬಾರದು. ಎರಡೂ ಕಡೆ ಇರುವವನು ಅದೇ 'ಕಾತಿಬ್'. ಅವನ ಲೇಖನಿ ಯಾವ ಕರಾರನ್ನು ಬರೆಯುತ್ತಿದೆ ಎಂಬುದರಲ್ಲೇ ವ್ಯತ್ಯಾಸವೆಲ್ಲ ಅಡಗಿದೆ.

ಆಧುನಿಕ ಬ್ಯಾಂಕು ಬಂದಾಗ ಈ ವ್ಯತ್ಯಾಸ ಜಟಿಲವಾಯಿತು. ನಮ್ಮ ಕರಾವಳಿಯ ಕಥೆಯನ್ನೇ ನೋಡಿ. 1906ರಲ್ಲಿ ಉಡುಪಿಯಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಸ್ಥಾಪಿಸಿದವರು ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದ್ದೂರ್. ಎಲ್ಲ ಜಾತಿಮತಗಳ ಜನರಲ್ಲಿ ಉಳಿತಾಯ ಮತ್ತು ಸಹಕಾರದ ಅಭ್ಯಾಸ ಬೆಳೆಸುವುದು ಅದರ ಘೋಷಿತ ಉದ್ದೇಶ. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದದ್ದು ಅದೇ. ಆ ದಾನಶೀಲ ಹಾಜಿಯವರ ಉದ್ದೇಶದ ಮೇಲೆ ತೀರ್ಪು ಕೊಡಲು ನಾವು ಯಾರು? ಆದರೆ ಸದುದ್ದೇಶದಿಂದ ಹುಟ್ಟಿದ ಸಂಸ್ಥೆಯೂ ಬಡ್ಡಿಯ ವ್ಯವಸ್ಥೆಯೊಳಗೇ ಬೆಳೆಯಬೇಕಾಯಿತೆಂಬುದನ್ನು ಮರೆಯಲಾಗದು.

ಬೇರೆ ದಾರಿ ಇದೆಯೆಂದು ತೋರಿಸಿದ್ದು ಈಜಿಪ್ಟಿನ ನೈಲ್ ಮುಖಜ ಭೂಮಿಯ ಮಿತ್ ಗಮ್ರ್ ಎಂಬ ಪಟ್ಟಣ. ಜರ್ಮನಿಯಲ್ಲಿ ಓದಿ ಅಲ್ಲಿನ ಉಳಿತಾಯ ಬ್ಯಾಂಕುಗಳನ್ನು ಕಂಡಿದ್ದ ಅಹ್ಮದ್ ಅಲ್ ನಜ್ಜಾರ್ 1963ರಲ್ಲಿ ಅಲ್ಲಿ ಬ್ಯಾಂಕೊಂದನ್ನು ತೆರೆದರು. ಠೇವಣಿಗೆ ಬಡ್ಡಿಯಿಲ್ಲ, ಸಾಲಕ್ಕೂ ಬಡ್ಡಿಯಿಲ್ಲ. ಹೂಡಿಕೆ ಮಾಡಿದವರಿಗೆ ಲಾಭದಲ್ಲಿ ಪಾಲು. ಅಂದಿನ ರಾಜಕೀಯದ ಭಯದಿಂದ ಅದರ ಹೆಸರಿನಲ್ಲಿ 'ಇಸ್ಲಾಮ್' ಎಂಬ ಪದವನ್ನೂ ಇಡಲಿಲ್ಲ. ಆ ಪ್ರಯೋಗ ಕೆಲವೇ ವರ್ಷ ಬಾಳಿತು.

1965ರಲ್ಲಿ ಕೈರೋದಲ್ಲಿ ಅಲ್ ಅಝ್‌ಹರ್‌ನ ಇಸ್ಲಾಮೀ ಸಂಶೋಧನಾ ಅಕಾಡೆಮಿಯ ಸಮ್ಮೇಳನವು, ಮನೆಖರ್ಚಿನ ಸಾಲವಿರಲಿ ವ್ಯಾಪಾರದ ಸಾಲವಿರಲಿ, ಬಡ್ಡಿ ಹರಾಮ್ ಎಂದಿತು. ಅದೇ ನಿರ್ಣಯ ಚಾಲ್ತಿ ಖಾತೆ, ಚೆಕ್ ನಗದೀಕರಣದಂತಹ ಸೇವೆಗಳಿಗೆ ಪಡೆಯುವ ಶುಲ್ಕ ಬಡ್ಡಿಯಲ್ಲವೆಂದೂ ಸ್ಪಷ್ಟಪಡಿಸಿತು. ಉದ್ಯೋಗದ ಚರ್ಚೆಯಲ್ಲಿ ಈ ಎರಡನೆಯ ಭಾಗವನ್ನು ನಾವು ಹೆಚ್ಚಾಗಿ ಉಲ್ಲೇಖಿಸುವುದೇ ಇಲ್ಲ!

ಅನಂತರದ ವಿದ್ವಾಂಸರು ಭಿನ್ನ ಉತ್ತರಗಳನ್ನಿತ್ತರು. ಪಾಪದಲ್ಲಿ ಸಹಕರಿಸಬಾರದೆಂಬ ಆದೇಶವನ್ನು (5:2) ಮುಂದಿಟ್ಟು ಶೈಖ್ ಇಬ್ನ್ ಬಾಝ್ ಬಡ್ಡಿ ಬ್ಯಾಂಕಿನ ಉದ್ಯೋಗವನ್ನೇ ನಿಷಿದ್ಧವೆಂದರು. ಮುಫ್ತಿ ತಖೀ ಉಸ್ಮಾನಿಯವರು ಬಡ್ಡಿಯೊಂದಿಗೆ ನೇರ ಸಂಬಂಧವುಳ್ಳ ಕೆಲಸವನ್ನೂ ಅದಿಲ್ಲದ ಕೆಲಸವನ್ನೂ ಬೇರ್ಪಡಿಸಿದರು. ಬಡ್ಡಿ ಇಡೀ ಆರ್ಥಿಕತೆಯನ್ನೇ ಆವರಿಸಿರುವಾಗ ನೌಕರನೊಬ್ಬನನ್ನೇ ದೂಷಿಸುವುದು ಸರಿಯಲ್ಲ, ಜೀವನೋಪಾಯದ ಅಗತ್ಯವಿದ್ದರೆ ಸೇರಬಹುದು, ಆದರೆ ಮನಸ್ಸಿನಲ್ಲಿ ಅಸಮ್ಮತಿ ಇಟ್ಟುಕೊಂಡು ಉತ್ತಮ ದಾರಿ ಹುಡುಕುತ್ತಿರಬೇಕು ಎಂದರು ಯೂಸುಫ್ ಅಲ್ ಖರ್ಝಾವಿ.

ನನ್ನ ಒಲವು ಉಸ್ಮಾನಿಯವರ ವಿಂಗಡಣೆಯ ಕಡೆಗಿದೆ. ಬಡ್ಡಿಸಾಲದ ಕರಾರು ಬರೆಯುವ ಮೇಜು ಹದೀಸ್‌ನ ನೇರ ವ್ಯಾಪ್ತಿಯಲ್ಲಿದೆ. ಬೇರೆ ಅನ್ನದ ದಾರಿಯಿರುವವನು ಅಲ್ಲಿ ಕೂರಬಾರದು. ಬೇರೆ ದಾರಿ ಕಾಣದೆ ಕೂತವನನ್ನು ಮದುವೆ ಮನೆಗಳಲ್ಲಿ ಹಂಗಿಸುವ ನಾವಾದರೋ, ಅವನಿಗೊಂದು ಅಂಗಡಿಯ ಬಂಡವಾಳವನ್ನು ಬಡ್ಡಿಯಿಲ್ಲದೆ ಕೊಟ್ಟವರಲ್ಲ.