ಸರಕು ಎಲ್ಲರದು, ಹೆಸರು ಒಬ್ಬರದು

2006ರ ಅಕ್ಟೋಬರಿನಲ್ಲಿ ಡೆಬಿಯನ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ರೂಪಿಸುವ ಸ್ವಯಂಸೇವಕರು ಒಂದು ವಿಚಿತ್ರ ನಾಮಕರಣ ಮಾಡಿದರು. ಅಂತರ್ಜಾಲ ವೀಕ್ಷಣೆಗೆ ಜಗತ್ತಿನಾದ್ಯಂತ ಬಳಕೆಯಲ್ಲಿದ್ದ ಫೈರ್‌ಫಾಕ್ಸ್ ತಂತ್ರಾಂಶವು ಅವರಲ್ಲಿ ಐಸ್‌ವೀಸೆಲ್ ಆಯಿತು. ಒಳಗಿನ ಸರಕು ಬಹುಪಾಲು ಅದೇ. ಬದಲಾದದ್ದು ಹೆಸರು ಮತ್ತು ಚಿತ್ರ. ಬೆಂಕಿಯ ಜಾಗಕ್ಕೆ ಹಿಮ ಬಂತು, ನರಿಯ ಜಾಗಕ್ಕೆ ಮುಂಗುಸಿಯನ್ನು ಹೋಲುವ ವೀಸೆಲ್ ಎಂಬ ಪ್ರಾಣಿ ಬಂತು. (ಫೈರ್‌ಫಾಕ್ಸ್ ಎಂಬುದು ಕೆಂಪು ಪಾಂಡಾಕ್ಕೆ ಇರುವ ಇನ್ನೊಂದು ಹೆಸರೆಂಬುದು ಬೇರೆ ಮಾತು.) ಯಾರು ಬೇಕಾದರೂ ಪ್ರತಿ ಮಾಡಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶದ ಹೆಸರನ್ನು ಮಾತ್ರ ಏಕೆ ಬಳಸಬಾರದು? ಈ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿತ್ತು. ಇದನ್ನು ಬಿಡಿಸಬೇಕಾದರೆ ಟ್ರೇಡ್‌ಮಾರ್ಕ್ ಎಂಬುದರ ಹುಟ್ಟಿಗೇ ಹೋಗಬೇಕಾಗುತ್ತದೆ.

ಕೃತಿಸ್ವಾಮ್ಯ, ಪೇಟೆಂಟ್, ಟ್ರೇಡ್‌ಮಾರ್ಕ್ ಈ ಮೂರನ್ನೂ ನಾವು ಸಾಮಾನ್ಯವಾಗಿ ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತೇವೆ. ಮೊದಲಿನ ಎರಡು ಸೃಷ್ಟಿಸಿದವನಿಗೆ ಸಮಾಜ ಕೊಡುವ ಪುರಸ್ಕಾರಗಳು. ಆದುದರಿಂದಲೇ ಅವುಗಳಿಗೆ ಅವಧಿಯುಂಟು. ನಮ್ಮ ದೇಶದಲ್ಲಿ ಲೇಖಕನ ಕೃತಿಸ್ವಾಮ್ಯ ಅವನ ಮರಣಾನಂತರ 60 ವರ್ಷಗಳಿಗೆ ಮುಗಿಯುತ್ತದೆ, ಪೇಟೆಂಟ್ 20 ವರ್ಷಗಳಿಗೆ. ಟ್ರೇಡ್‌ಮಾರ್ಕಿನ ನೋಂದಣಿಯಾದರೋ ಹತ್ತು ವರ್ಷಗಳದ್ದು. ಆದರೆ ಹತ್ತತ್ತು ವರ್ಷಕ್ಕೊಮ್ಮೆ ನವೀಕರಿಸುತ್ತ ಹೋದರೆ ಕೊನೆಯೆಂಬುದಿಲ್ಲ. ಏಕೆಂದರೆ ಅದು ಪುರಸ್ಕಾರವಲ್ಲ, ಗುರುತು. ‘ಈ ಸರಕು ಇಂಥವರಿಂದ ಬಂದದ್ದು, ಕೆಟ್ಟರೆ ಅವರನ್ನೇ ಕೇಳಿ’ ಎಂದು ಕೊಳ್ಳುವವನಿಗೆ ಹೇಳುವ ಮಾತು.

ಇಂಗ್ಲೆಂಡಿನಲ್ಲಿ 1875ರಲ್ಲಿ ಇದಕ್ಕಾಗಿ ಕಾಯಿದೆಯಾಗಿ, 1876ರ ಜನವರಿ 1ರಂದು ನೋಂದಣಿ ಪುಸ್ತಕ ತೆರೆಯಿತು. ಒಂದನೆಯ ಸಂಖ್ಯೆ ದೊರೆತದ್ದು ಬಾಸ್ ಎಂಬ ಬಿಯರ್ ತಯಾರಕರ ಕೆಂಪು ತ್ರಿಕೋನಕ್ಕೆ. ಫ್ರೆಂಚ್ ಕಲಾವಿದ ಮಾನೆ 1882ರಲ್ಲಿ ಪೂರೈಸಿದ ಪ್ಯಾರಿಸ್ಸಿನ ಮದ್ಯದಂಗಡಿಯ ಪ್ರಸಿದ್ಧ ಚಿತ್ರದಲ್ಲಿ ಆ ಕೆಂಪು ತ್ರಿಕೋನದ ಬಾಟಲಿಗಳನ್ನು ಇಂದಿಗೂ ಕಾಣಬಹುದು. ಅಕ್ಷರ ಬಾರದವನಿಗೂ ತ್ರಿಕೋನ ತಿಳಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಓದು ಬಾರದ ಹಿರಿಯರು ಬೆಂಕಿಪೊಟ್ಟಣವನ್ನೂ ಬೀಡಿಯ ಕಟ್ಟನ್ನೂ ಚಿತ್ರ ನೋಡಿಯೇ ಆರಿಸುತ್ತಿದ್ದರು. ಮೈಸೂರು ಸ್ಯಾಂಡಲ್ ಸಾಬೂನಿನ ಮೇಲೆ ಆನೆಯ ತಲೆ, ಸಿಂಹದ ಮೈಯುಳ್ಳ ಶರಭ ಕುಳಿತಿರುವುದೂ ಅದೇ ಕೆಲಸಕ್ಕೆ. ಭಾರತದಲ್ಲಿ ಮೊದಲ ಟ್ರೇಡ್‌ಮಾರ್ಕ್ ಕಾಯಿದೆ ಬಂದದ್ದು 1940ರಲ್ಲಿ. ಈಗ ನಡೆಯುತ್ತಿರುವುದು 1999ರ ಕಾಯಿದೆ. ಅದು ಜಾರಿಯಾದದ್ದು 2003ರ ಸೆಪ್ಟೆಂಬರ್ 15ರಂದು.

ಕೊನೆಯಿಲ್ಲದ ಈ ಹಕ್ಕಿಗೆ ಒಂದು ಮೃತ್ಯುವೂ ಉಂಟು. ಹೆಸರು ಜನರ ಬಾಯಲ್ಲಿ ವಸ್ತುವಿನ ಹೆಸರೇ ಆಗಿಬಿಟ್ಟರೆ ಗುರುತು ಅಳಿಯುತ್ತದೆ. ನೆಲಕ್ಕೆ ಹಾಸುವ ಲಿನೋಲಿಯಂ 1878ರಲ್ಲಿಯೇ ಇಂಗ್ಲೆಂಡಿನ ನ್ಯಾಯಾಲಯದಲ್ಲಿ ಹೀಗೆ ಎಲ್ಲರ ಸೊತ್ತಾಯಿತು. ಅಮೆರಿಕದಲ್ಲಿ 1921ರಲ್ಲಿ ಆಸ್ಪಿರಿನ್ನಿನದೂ ಅದೇ ಗತಿಯಾಯಿತು. ನನ್ನ ಅಧ್ಯಾಪನದ ಕಾಲದಲ್ಲಿ ‘ಹೋಗಿ ನಾಲ್ಕು ಜೆರಾಕ್ಸ್ ಮಾಡಿಸಿಕೊಂಡು ಬಾರಪ್ಪ’ ಎಂದು ಎಷ್ಟು ಹುಡುಗರನ್ನು ಅಟ್ಟಿದ್ದೇನೋ ಲೆಕ್ಕವಿಲ್ಲ. ಆ ಅಂಗಡಿಯ ಯಂತ್ರ ಯಾವ ಕಂಪನಿಯದೆಂದು ನಾನೂ ನೋಡಿದವನಲ್ಲ, ಅಂಗಡಿಯವನೂ ಹೇಳಿದವನಲ್ಲ. ಜೆರಾಕ್ಸ್ ಕಂಪನಿಯವರು ನಮ್ಮ ಈ ಮಾತುಗಾರಿಕೆಯಿಂದ ಎಷ್ಟು ಸಂಕಟಪಟ್ಟಿರಬಹುದು! ‘ಗೂಗಲ್ ಮಾಡು’ ಎನ್ನುವುದೂ ಇದೇ ಜಾತಿಯದು. ಆದರೆ 2017ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವು ಆ ಪದ ಕ್ರಿಯಾಪದವಾದ ಮಾತ್ರಕ್ಕೆ ಗುರುತು ಸತ್ತಂತಲ್ಲವೆಂದು ತೀರ್ಮಾನಿಸಿತು. ಒಟ್ಟಿನಲ್ಲಿ ಹೆಸರನ್ನು ಕಾಯದೆ ಬಿಟ್ಟವನು ಅದನ್ನು ಕಳೆದುಕೊಳ್ಳುವ ಸಂಭವವುಂಟು.

ಮುಕ್ತ ತಂತ್ರಾಂಶದವರಿಗೆ ಈ ಪಾಠ ಮೊದಲು ತಿಳಿದದ್ದು ಲಿನಕ್ಸ್‌ನಿಂದ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ತನ್ನ ಕೃತಿಯನ್ನು ಲೋಕಕ್ಕೆ ಒಪ್ಪಿಸಿದಾಗ ಹೆಸರಿನ ಗೊಡವೆಗೇ ಹೋಗಲಿಲ್ಲ. ಬಾಸ್ಟನ್ನಿನ ಒಬ್ಬರು, ಅದನ್ನು ಬರೆದವರೂ ಅಲ್ಲ, 1995ರಲ್ಲಿ ‘ಲಿನಕ್ಸ್’ ಎಂಬ ಗುರುತನ್ನು ತಮ್ಮ ಹೆಸರಿಗೆ ನೋಂದಾಯಿಸಿಕೊಂಡು, ಅದನ್ನು ಬಳಸುವವರಿಂದ ಹಣ ಕೇಳಲಾರಂಭಿಸಿದರು. ಟೊರ್ವಾಲ್ಡ್ಸ್ ಮತ್ತು ಕೆಲವು ಸಂಸ್ಥೆಗಳು ನೋಂದಣಿಯನ್ನು ರದ್ದುಪಡಿಸಬೇಕೆಂದು ಅರ್ಜಿ ಹಾಕಬೇಕಾಯಿತು. 1997ರಲ್ಲಿ ರಾಜಿಯಾಗಿ ಗುರುತು ಟೊರ್ವಾಲ್ಡ್ಸ್ ಹೆಸರಿಗೆ ವರ್ಗವಾಯಿತು. ಬೇಲಿ ಹಾಕದ ಹೊಲಕ್ಕೆ ದನ ನುಗ್ಗಿದ ಮೇಲೆ ಬೇಲಿಯ ನೆನಪಾದಂತೆ.

ಫೈರ್‌ಫಾಕ್ಸ್ ಕೂಡ ಹೆಸರಿಗಾಗಿ ಅಲೆದದ್ದೇ. 2002ರಲ್ಲಿ ಅದು ಹುಟ್ಟಿದಾಗ ಅದರ ಹೆಸರು ಫೀನಿಕ್ಸ್. ಫೀನಿಕ್ಸ್ ಟೆಕ್ನಾಲಜೀಸ್ ಎಂಬ ಕಂಪನಿ ಆಕ್ಷೇಪಿಸಿತು. 2003ರಲ್ಲಿ ಫೈರ್‌ಬರ್ಡ್ ಎಂದಿಟ್ಟರು. ಅದೇ ಹೆಸರಿನ ದತ್ತಸಂಚಯ ತಂತ್ರಾಂಶದವರು ಸಿಟ್ಟಾದರು. 2004ರ ಫೆಬ್ರವರಿಯಲ್ಲಿ ಮೂರನೆಯ ಹೆಸರು ನಿಂತಿತು. ಇಷ್ಟು ಪೆಟ್ಟು ತಿಂದ ಮೇಲೆ ಮೊಝಿಲ್ಲಾದವರು ಹೆಸರಿನ ವಿಷಯದಲ್ಲಿ ಬಿಗಿಯಾದದ್ದು ಸಹಜವೇ. ಅದರಲ್ಲಿಯೂ ಪುಕ್ಕಟೆಯಾಗಿ ಸಿಗುವ ಈ ತಂತ್ರಾಂಶವನ್ನು ಅದೇ ಹೆಸರಿನಲ್ಲಿ ಹಣಕ್ಕೆ ಮಾರುವವರು, ಅದರೊಳಗೆ ಕೇಡಿನ ತುಣುಕು ಸೇರಿಸಿ ಹಂಚುವವರು ಇದ್ದೇ ಇದ್ದರು. ಮೂಲ ಸಂಕೇತ ಎಲ್ಲರಿಗೂ ತೆರೆದಿರುವಾಗ, ಅಸಲಿ ಯಾವುದು, ನಕಲಿ ಯಾವುದು ಎಂದು ತೋರಿಸಲು ಅವರ ಕೈಯಲ್ಲಿ ಹೆಸರೇ ಮುಖ್ಯ ಸಾಧನ.

ಡೆಬಿಯನ್ ಬಳಗದವರ ಕಷ್ಟ ಬೇರೆ ಬಗೆಯದು. ಅವರ ನಿಯಮದಂತೆ ವ್ಯವಸ್ಥೆಯೊಳಗಿನ ಪ್ರತಿಯೊಂದನ್ನೂ, ಚಿತ್ರವನ್ನೂ ಸಹ, ಯಾರಾದರೂ ತಿದ್ದುವಂತಿರಬೇಕು. ಫೈರ್‌ಫಾಕ್ಸ್‌ನ ಲಾಂಛನಕ್ಕೆ ಆ ಸ್ವಾತಂತ್ರ್ಯ ಇರಲಿಲ್ಲ. ಆದುದರಿಂದ ಅವರು ಹೆಸರನ್ನು ಉಳಿಸಿಕೊಂಡು ಲಾಂಛನವನ್ನು ಬಿಟ್ಟಿದ್ದರು. 2006ರಲ್ಲಿ ಮೊಝಿಲ್ಲಾ ಎರಡು ಮಾತು ಹೇಳಿತು: ಹೆಸರು ಬೇಕಾದರೆ ಲಾಂಛನವೂ ಜೊತೆಗಿರಬೇಕು, ಹೆಸರಿನಡಿ ಹಂಚುವ ಪ್ರತಿಯಲ್ಲಿ ಮಾಡಿದ ತಿದ್ದುಪಡಿಗಳಿಗೆ ತಮ್ಮ ಒಪ್ಪಿಗೆಯೂ ಬೇಕು.

ಎರಡನೆಯ ಮಾತೇ ನಿಜವಾದ ತೊಡಕು. ಡೆಬಿಯನ್ ಒಮ್ಮೆ ಸ್ಥಿರವೆಂದು ಬಿಡುಗಡೆ ಮಾಡಿದ ಆವೃತ್ತಿಗೆ ಹೊಸ ಸೌಲಭ್ಯಗಳನ್ನು ತುರುಕುವುದಿಲ್ಲ. ಭದ್ರತೆಯಲ್ಲಿ ತೂತು ಕಂಡರೆ ಅಷ್ಟಕ್ಕೇ ತೇಪೆ ಹಾಕುತ್ತದೆ. ಮೊಝಿಲ್ಲಾ ಹಳೆಯ ಆವೃತ್ತಿಯ ಕೈಬಿಟ್ಟ ಮೇಲೂ ಡೆಬಿಯನ್ನಿನ ಸ್ವಯಂಸೇವಕರು ಅದಕ್ಕೆ ತೇಪೆ ಹೊಲಿಯುತ್ತಿದ್ದರು. ಇದು ನನ್ನಂಥವರ ಮನಸ್ಸಿಗೆ ಬಲು ಹಿತವಾದ ರೀತಿ. ನಿನ್ನೆ ಎಡಗಡೆಯಿದ್ದ ಗುಂಡಿ ಇಂದು ಬೆಳಗಾಗುವಷ್ಟರಲ್ಲಿ ಬಲಗಡೆಗೆ ಹೋಗಿರುವುದನ್ನು ‘ಸುಧಾರಣೆ’ ಎಂದು ಕರೆಯುವ ತಂತ್ರಾಂಶಗಳನ್ನು ಕಂಡರೆ ನನಗೆ ಆಗದು. ಮನೆಯವರು ಅಡುಗೆಮನೆಯ ಡಬ್ಬಗಳನ್ನು ದಿನಕ್ಕೊಂದು ಕಡೆ ಇಟ್ಟರೆ ಯಾರು ಸಹಿಸುತ್ತಾರೆ? ಆದರೆ ಮೊಝಿಲ್ಲಾದ ಕಡೆಯಿಂದ ನೋಡಿದರೆ, ತಮ್ಮ ಕೈ ತಾಕದ ತೇಪೆಯಿಂದ ಕೆಟ್ಟರೂ ಬೈಗುಳ ಬರುವುದು ಫೈರ್‌ಫಾಕ್ಸ್ ಎಂಬ ಹೆಸರಿಗೆ.

ಡೆಬಿಯನ್ ತನ್ನ ರೀತಿಯನ್ನು ಉಳಿಸಿಕೊಂಡು ಹೆಸರನ್ನು ಬಿಟ್ಟಿತು. ಅಂಚೆಯ ತಂತ್ರಾಂಶ ಥಂಡರ್‌ಬರ್ಡ್ ಕೂಡ ಐಸ್‌ಡವ್ ಎಂಬ ಹಿಮದ ಪಾರಿವಾಳವಾಯಿತು. ಹೆಸರಿಗಾಗಿ ಹಟ ಹಿಡಿದ ಮೊಝಿಲ್ಲಾವನ್ನು ಹಲವರು ಜಿಪುಣರೆಂದು ಜರೆದರು. ಆದರೆ ‘ಡೆಬಿಯನ್’ ಎಂಬುದೂ ನೋಂದಾಯಿತ ಗುರುತೇ. ಅದರ ಒಡೆತನ ಆ ಬಳಗದ ಪರವಾಗಿ ಒಂದು ಲಾಭರಹಿತ ಸಂಸ್ಥೆಯ ಕೈಯಲ್ಲಿದೆ. ಜರೆಯುವಾಗ ಇದು ಯಾರಿಗೂ ನೆನಪಾಗಲಿಲ್ಲವೇನೋ.

ಇದೇ ಕಾಲದ ಇನ್ನೊಂದು ಪ್ರಸಂಗ ನೆನಪಾಗುತ್ತದೆ. ರೆಡ್ ಹ್ಯಾಟ್ ಸಂಸ್ಥೆಯ ವ್ಯವಸ್ಥೆಯ ಮೂಲ ಸಂಕೇತದಿಂದ ಸೆಂಟ್‌ಓಎಸ್ ಎಂಬ ತದ್ರೂಪವನ್ನು ಕಟ್ಟಿದವರಿಗೆ 2005ರಲ್ಲಿ ಆ ಸಂಸ್ಥೆಯ ವಕೀಲರಿಂದ ಪತ್ರ ಬಂತು. ಸಂಕೇತಕ್ಕೆ ಅಡ್ಡಿಯಿರಲಿಲ್ಲ, ಅಡ್ಡಿ ಹೆಸರಿನ ಬಳಕೆಗೆ. ಅಂದಿನಿಂದ ಅವರು ‘ಉತ್ತರ ಅಮೆರಿಕದ ಪ್ರಮುಖ ಲಿನಕ್ಸ್ ಮಾರಾಟಗಾರರು’ ಎಂದು ಬರೆಯತೊಡಗಿದರು. ಗಂಡನ ಹೆಸರೆತ್ತದೆ ‘ನಮ್ಮ ಮನೆಯವರು’ ಎನ್ನುತ್ತಿದ್ದ ನಮ್ಮ ಹಿಂದಿನ ತಲೆಮಾರಿನ ಗೃಹಿಣಿಯರ ನೆನಪು ನನಗಾಯಿತು. ಯಾರೆಂಬುದು ಕೇಳುವವರಿಗೆಲ್ಲ ಗೊತ್ತು!

ಇನ್ನು ಐಸ್‌ವೀಸೆಲ್ಲಿನ ಕಥೆ. ಕಾಲ ಕಳೆದಂತೆ ತೊಡಕುಗಳು ಒಂದೊಂದಾಗಿ ಸಡಿಲವಾದವು. ಲಾಂಛನದ ಪರವಾನಗಿ ಬದಲಾಯಿತು. 2012ರಿಂದ ಮೊಝಿಲ್ಲಾವೇ ದೀರ್ಘಕಾಲ ತೇಪೆ ದೊರೆಯುವ ಆವೃತ್ತಿಯನ್ನು ಹೊರತರಲಾರಂಭಿಸಿತು. ಡೆಬಿಯನ್ ತನ್ನ ಸ್ಥಿರ ಬಿಡುಗಡೆಗೆ ಅದನ್ನೇ ಬಳಸತೊಡಗಿತು. ಡೆಬಿಯನ್ನಿನವರ ತಿದ್ದುಪಡಿಗಳಿಂದ ಗುಣಮಟ್ಟಕ್ಕೆ ಧಕ್ಕೆಯಿಲ್ಲವೆಂದು ಮೊಝಿಲ್ಲಾ ಒಪ್ಪಿತು. 2016ರಲ್ಲಿ ಫೈರ್‌ಫಾಕ್ಸ್ ಎಂಬ ಹೆಸರು ಡೆಬಿಯನ್ನಿಗೆ ಮರಳಿತು. ಹಿಮದ ಪಾರಿವಾಳ ಮತ್ತೆ ಥಂಡರ್‌ಬರ್ಡ್ ಆಗಲು ಇನ್ನೂ ಒಂದು ವರ್ಷ ಹಿಡಿಯಿತು.